ನಾಯಿ ತನ್ನ ಕಕ್ಕ ತಾನೇ ತಿನ್ನುತ್ತಿದ್ದರೆ: ಯಾವ ಉಪಾಯಕ್ಕೆ ಸಮಯ ಕೊಡಬೇಕು, ಯಾವುದಕ್ಕೆ ದುಡ್ಡು ಹಾಕಬಾರದು

ಬೆಳಿಗ್ಗೆ ಆರೂವರೆ. ಹಿತ್ತಿಲಿನ ನುಗ್ಗೆ ಮರದ ಕೆಳಗೆ ನಮ್ಮ ರಾಣಿ ಎರಡು ಸುತ್ತು ಸುತ್ತಿ ಕೂತಳು. ಮುಗಿಸಿ ಎದ್ದಳು. ಹಿಂದೆ ತಿರುಗಿ ಮೂಸಿದಳು. ನಾನು ಅಡುಗೆಮನೆ ಬಾಗಿಲಿಂದ ಓಡಿ ಬರುವಷ್ಟರಲ್ಲಿ ನೆಲ ಖಾಲಿ. ಆಮೇಲೆ ಬಾಲ ಆಡಿಸಿಕೊಂಡು ನನ್ನ ಕೈ ನೆಕ್ಕೋಕೆ ಬಂದಳು. ಆಗ ಅವಳಿಗೆ ಐದು ತಿಂಗಳು. ಲ್ಯಾಬ್ರಡಾರ್ ಮತ್ತು ನಾಟಿ ನಾಯಿ ಬೆರೆತ ಹೊಟ್ಟೆಬಾಕಿ ಮರಿ.

ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ನೆಂಟರಿಗೆ ಗೊತ್ತಾದರೆ ನಾಯಿಯನ್ನು ಹತ್ತಿರ ಸೇರಿಸಲ್ಲ. ‘ನಾಯಿನ ಸಿಂಹಾಸನದ ಮೇಲೆ ಕೂರಿಸಿದ್ರೂ ಅದರ ಬುದ್ಧಿ ಬಿಡಲ್ಲ’ ಅಂತ ಹಿರಿಯರು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಬೆಳಗಿನ ಹೊತ್ತು ಕುಂದುವಾಡ ಕೆರೆ ಕಡೆ ನಾಯಿ ಹಿಡಿದು ಬರುವವರ ಜೊತೆ ಮಾತಾಡುತ್ತಾ ಹೋದಾಗಲೇ ಗೊತ್ತಾಗಿದ್ದು, ಈ ತೊಂದರೆ ಸುಮಾರು ಮನೆಗಳಲ್ಲಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ ಅಷ್ಟೇ. ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಪುಡಿ, ಅನಾನಸ್, ಖಾರದ ಪುಡಿ, ಬಾಯಿಕುಕ್ಕೆ, ಏಟು, ಹೊಸ ಆಹಾರ, ಜಂತಿನ ಮಾತ್ರೆ. ಕೆಲವನ್ನು ನಾನೂ ಮಾಡಿ ನೋಡಿದೆ. ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡೋಣ.

ಇದು ಎಷ್ಟು ಮಾಮೂಲಿ

ಅಮೆರಿಕದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಡೇವಿಸ್‌ನ ಪಶುವೈದ್ಯರು ನಾಯಿ ಸಾಕಿದ ಸಾವಿರಾರು ಜನರನ್ನು ಕೇಳಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ನೂರಕ್ಕೆ 16 ನಾಯಿಗಳಿಗೆ ಈ ಅಭ್ಯಾಸ ಚೆನ್ನಾಗಿಯೇ ಇತ್ತು. ಅಂದರೆ ಆರು ನಾಯಿಗೆ ಒಂದು. ಊಟಕ್ಕೆ ಮುಗಿಬೀಳುವ ನಾಯಿಗಳಲ್ಲಿ ಜಾಸ್ತಿ. ಒಂದಕ್ಕಿಂತ ಹೆಚ್ಚು ನಾಯಿ ಇರುವ ಮನೆಗಳಲ್ಲೂ ಜಾಸ್ತಿ. ಹೆಚ್ಚಿನ ನಾಯಿಗಳು ತಿನ್ನುವುದು ಎರಡು ದಿನದೊಳಗಿನ ತಾಜಾ ಮಲವನ್ನೇ.

ಈ ಎರಡು ದಿನದ ಲೆಕ್ಕಕ್ಕೆ ಅವರು ಕೊಟ್ಟ ಕಾರಣ ನನ್ನ ಮನಸ್ಸಿನಲ್ಲಿ ಉಳಿದಿದೆ. ನಾಯಿಗಳ ಪೂರ್ವಜರಾದ ತೋಳಗಳ ಗುಂಪಿನಲ್ಲಿ ಮುದಿಯದೋ ಕಾಯಿಲೆಯದೋ ಒಂದು ತೋಳ ಗುಹೆಯ ಹತ್ತಿರವೇ ಮಲ ಮಾಡಿದರೆ ಅದರಲ್ಲಿ ಜಂತಿನ ಮೊಟ್ಟೆ ಇರಬಹುದು. ಆ ಮೊಟ್ಟೆಗಳು ಬಲಿತು ಸೋಂಕು ಹರಡುವಂತಾಗಲು ಕೆಲವು ದಿನ ಬೇಕು. ಅಷ್ಟರೊಳಗೆ ತಿಂದುಬಿಟ್ಟರೆ ಗುಹೆ ಚೊಕ್ಕಟ. ಇದು ಅವರ ಊಹೆ, ಸಾಬೀತಾದ ಮಾತಲ್ಲ. ಆದರೂ ರಾಣಿಯ ಮೇಲಿದ್ದ ಅಸಹ್ಯ ನನಗೆ ಇದನ್ನು ಓದಿದ ಮೇಲೆ ಎಷ್ಟೋ ಕಡಿಮೆಯಾಯಿತು. ಅವಳ ಲೆಕ್ಕದಲ್ಲಿ ಅವಳು ಮನೆ ಕ್ಲೀನ್ ಮಾಡುತ್ತಿದ್ದಾಳೆ.

ಇನ್ನು ಹಾಲು ಕುಡಿಸುವ ತಾಯಿನಾಯಿ. ಮರಿಗಳ ಹಿಂಭಾಗ ನೆಕ್ಕಿ ಮಲ ಮಾಡಿಸುವುದು, ಅದನ್ನು ತಾನೇ ತಿನ್ನುವುದು ಅದರ ಬಾಣಂತನದ ಕೆಲಸ. ಮೊದಲ ಮೂರು ವಾರ ಅದನ್ನು ತಡೆಯಲೇಬೇಡಿ. ಮರಿಗಳು ಇದನ್ನೆಲ್ಲ ಬಾಯಿಗೆ ಹಾಕಿ ನೋಡುವುದೂ ಉಂಟು. ಒಂದು ವರ್ಷ ತುಂಬುವುದರೊಳಗೆ ಎಷ್ಟೋ ಮರಿಗಳು ತಾವಾಗೇ ಬಿಡುತ್ತವೆ, ರೂಢಿ ಗಟ್ಟಿಯಾಗದಂತೆ ನಾವು ನೋಡಿಕೊಂಡರೆ.

ಡಾಕ್ಟರೋ, ಮನೆಮದ್ದೋ?

ಇಲ್ಲಿ ಆಯ್ಕೆ ಸುಲಭ. ವಯಸ್ಸಾದ ನಾಯಿ ಇಷ್ಟು ವರ್ಷ ಇಲ್ಲದ್ದನ್ನು ಈಗ ಶುರು ಮಾಡಿದರೆ, ತಿಂದರೂ ಸೊರಗುತ್ತಿದ್ದರೆ, ಭೇದಿ ಇದ್ದರೆ, ನೀರು ಜಾಸ್ತಿ ಕುಡಿಯುತ್ತಿದ್ದರೆ ಮೊದಲು ಡಾಕ್ಟರು. ಉಳಿದಿದ್ದೆಲ್ಲ ಆಮೇಲೆ.

ಒಂದು ಕಾಯಿಲೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಜರ್ಮನ್ ಶೆಪರ್ಡ್ ಸಾಕುವವರು ಬಹಳ. ಆ ಜಾತಿಯಲ್ಲಿ ಇದು ಹೆಚ್ಚು. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜೀರ್ಣರಸ ಕೊಡುವುದನ್ನು ನಿಲ್ಲಿಸುತ್ತದೆ. ತಿಂದ ಆಹಾರ ಅರಗದೆ ಹಾಗೇ ಹೊರಬರುತ್ತದೆ. ಮಲ ರಾಶಿ ರಾಶಿ, ಬಣ್ಣ ಪೇಲವ, ಜಿಡ್ಡುಜಿಡ್ಡು. ನಾಯಿಗೆ ಹಸಿವೋ ಹಸಿವು, ಪಕ್ಕೆಲುಬು ಎಣಿಸಬಹುದು. ಅಂಥ ನಾಯಿ ತನ್ನ ಮಲ ತಿಂದರೆ ಆಶ್ಚರ್ಯವಿಲ್ಲ, ಅದರಲ್ಲಿ ಇನ್ನೂ ಊಟ ಉಳಿದಿದೆ. ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಊಟಕ್ಕೆ ಎಂಜೈಮ್ ಪುಡಿ ಬೆರೆಸಿ ಕೊಡಬೇಕು, ಬದುಕಿರುವವರೆಗೂ. ಕೊಟ್ಟರೆ ಎಷ್ಟೋ ನಾಯಿಗಳು ಮತ್ತೆ ಮೈ ಹಿಡಿಯುತ್ತವೆ. ಊರಿನ ಪಶು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಮತ್ತೊಂದು ಕಾರಣ ಮನೆಯಲ್ಲೇ ಇರಬಹುದು. ಮೈ ತುರಿಕೆಗೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಿದ್ದೀರಾ? ಪ್ರೆಡ್ನಿಸೊಲೋನ್ ತಿನ್ನುವ ನಾಯಿಗೆ ಹಸಿವು ಜಾಸ್ತಿಯಾಗುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಕೂಡ ಹಾಗೇ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ವಿಷಯ ಹೇಳಿ.

ಜಂತಿನ ಔಷಧಿ ಹೇಗೂ ಬೇಕು. ಮರಿಗೆ ಎರಡು ವಾರದಿಂದ ಶುರು ಮಾಡಿ ಎರಡು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಡೋಸು ತೂಕದ ಮೇಲೆ. ಮಲದ ಒಂದು ಚೂರನ್ನು ಡಬ್ಬಿಯಲ್ಲಿ ಒಯ್ದರೆ ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ನೋಡಿ ಹೇಳುತ್ತಾರೆ, ಕಣ್ಣುಮುಚ್ಚಿ ಮಾತ್ರೆ ನುಂಗಿಸುವುದಕ್ಕಿಂತ ಅದು ಒಳ್ಳೆಯದು.

ಊಟ ಬದಲಾಯಿಸಿದರೆ?

‘ಹೊಟ್ಟೆ ತುಂಬ ಹಾಕ್ರೋ, ಅದ್ಯಾಕೆ ತಿನ್ನುತ್ತೆ’ ಅಂತ ನಮ್ಮ ಅವ್ವ ದಿನಾ ಹೇಳುತ್ತಿದ್ದಳು. ಅವಳ ಮಾತು ಅರ್ಧ ಸರಿ.

ಅರ್ಧ ಸರಿ ಯಾಕೆಂದರೆ, ನಮ್ಮಲ್ಲಿ ಎಷ್ಟೋ ನಾಯಿಗಳು ಹಾಲು-ಅನ್ನ, ಮೊಸರನ್ನದ ಮೇಲೇ ಬದುಕುತ್ತವೆ. ಉಳಿದ ರೊಟ್ಟಿ, ಒಂದಿಷ್ಟು ಮುದ್ದೆ. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ ಪ್ರೋಟೀನು ಸಿಗುವುದಿಲ್ಲ. ಹಾಲು ಅರಗದ ನಾಯಿಗೆ ಮಲವೂ ತೆಳ್ಳಗಾಗುತ್ತದೆ, ಎತ್ತಿಹಾಕೋಕೂ ಕಷ್ಟ. ನಾವು ರಾಣಿಗೆ ಬೇಯಿಸಿದ ಮೊಟ್ಟೆ, ಕೋಳಿ ಸೇರಿಸಿದೆವು. ಒಂದು ಹೊತ್ತಿನ ರಾಶಿ ಊಟ ಬಿಟ್ಟು ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಎರಡು ಸಲ ಮಾಡಿದೆವು. ಬದಲಾವಣೆಗೆ ಒಂದು ವಾರ ಹಿಡಿಯಿರಿ, ದಿನಾ ಸ್ವಲ್ಪ ಸ್ವಲ್ಪ ಹೊಸದು ಸೇರಿಸಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡವೇ ಬೇಡ, ಅವು ನಾಯಿಯ ರಕ್ತಕ್ಕೆ ವಿಷ.

ಅವ್ವನ ಮಾತಿನ ಉಳಿದರ್ಧ ಸರಿಯಲ್ಲ. ಡೇವಿಸ್ ಅಧ್ಯಯನದಲ್ಲಿ ತಿನ್ನುವ ನಾಯಿಗಳ ಆಹಾರಕ್ಕೂ ತಿನ್ನದವುಗಳ ಆಹಾರಕ್ಕೂ ವ್ಯತ್ಯಾಸ ಸಿಕ್ಕಿಲ್ಲ. ಒಳ್ಳೆ ಊಟ ತಿನ್ನುವ ನಾಯಿಯೂ ತಿನ್ನುತ್ತದೆ. ರಾಣಿಯ ಕೂದಲು ಹೊಳೆಯಿತು, ಮಲ ಗಟ್ಟಿಯಾಯಿತು, ಅಭ್ಯಾಸ ಮಾತ್ರ ಹಾಗೇ ಇತ್ತು. ಆದರೂ ಈ ಆಯ್ಕೆಗೆ ಹಾಕಿದ ದುಡ್ಡು ಸುಮ್ನೆ ಹೋಗಲ್ಲ. ನಾಯಿಯ ಆರೋಗ್ಯಕ್ಕೆ ಅದು ಬೇಕೇಬೇಕಿತ್ತು. ಹೊತ್ತಿಗೆ ಸರಿಯಾಗಿ ಊಟ ಹಾಕಿದರೆ ಹೊತ್ತಿಗೆ ಸರಿಯಾಗಿ ಮಲವೂ ಆಗುತ್ತದೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಪುಡಿ, ಅನಾನಸ್, ಖಾರ

ಪೆಟ್ ಅಂಗಡಿಯಲ್ಲಿ ಇದಕ್ಕೆಂದೇ ಪುಡಿ, ಮಾತ್ರೆ, ಜಗಿಯುವ ಬಿಸ್ಕತ್ತು ಸಿಗುತ್ತವೆ. ಊಟಕ್ಕೆ ಬೆರೆಸಿದರೆ ಮಲದ ರುಚಿ ಕೆಡುತ್ತದೆ, ನಾಯಿ ತಾನಾಗೇ ಬಿಡುತ್ತದೆ ಅನ್ನುವುದು ಲೆಕ್ಕ. ಒಂದು ಅಂಗಡಿಯವರು ಹದಿನೈದು ದಿನದಲ್ಲಿ ಗ್ಯಾರಂಟಿ ಅಂದರು. ಎರಡು ತಿಂಗಳು ಹಾಕಿದೆವು. ರಾಣಿಗೆ ಊಟದ ರುಚಿ ಕೆಟ್ಟಿತು, ಇನ್ನೊಂದರ ರುಚಿ ಕೆಡಲಿಲ್ಲ.

ಆಮೇಲೆ ಅದೇ ಅಧ್ಯಯನದಲ್ಲಿ ಅಂಕಿ ನೋಡಿದೆ. ಹನ್ನೊಂದು ಬಗೆಯ ಇಂಥ ಪದಾರ್ಥ ಬಳಸಿದವರನ್ನು ಕೇಳಿದ್ದರು. ಫಲ ಸಿಕ್ಕಿದ್ದು ನೂರಕ್ಕೆ ಸೊನ್ನೆಯಿಂದ ಎರಡು ಜನಕ್ಕೆ. ಇಬ್ಬರಿಗೆ ಕೆಲಸ ಮಾಡಿತು ಅಂದರೆ ತೊಂಬತ್ತೆಂಟು ಜನರ ದುಡ್ಡು ಹೋಗಿದೆ ಅಂತಲೇ ಅರ್ಥ ಅಲ್ವಾ?

ಅನಾನಸ್, ಪಪ್ಪಾಯಿ ಹಣ್ಣು ಕೊಟ್ಟರೂ ಇದೇ ನಂಬಿಕೆ. ಒಂದೆರಡು ಚೂರು ಕೊಟ್ಟರೆ ಕೆಡುಕಿಲ್ಲ, ಈ ಅಭ್ಯಾಸ ಬಿಡಿಸುತ್ತದೆ ಅನ್ನೋಕೆ ಆಧಾರವೂ ಇಲ್ಲ. ಬೇಯಿಸಿದ ಸಿಹಿಗುಂಬಳಕ್ಕೆ ಉಪ್ಪು-ಖಾರ ಹಾಕದೆ ಕೊಟ್ಟರೆ ನಾರಿನಂಶದಿಂದ ಮಲ ಗಟ್ಟಿಯಾಗುತ್ತದೆ, ಅಷ್ಟಕ್ಕೆ ಅದು ಚೆನ್ನ.

ಮಲದ ಮೇಲೆ ಖಾರದ ಪುಡಿ ಉದುರಿಸುವುದು ಮಾತ್ರ ಬೇಡ. ನಾಯಿಯ ಮೂಗು, ಕಣ್ಣು ಉರಿದುಹೋಗುತ್ತವೆ. ಮೇಲಾಗಿ ಖಾರ ಉದುರಿಸುವಷ್ಟು ಹತ್ತಿರ ನೀವು ಹೋಗಿದ್ದೀರಿ ಅಂದರೆ ಅದನ್ನೇ ಎತ್ತಿಹಾಕಬಹುದಲ್ಲ.

ಬಾಯಿಕುಕ್ಕೆ ಮತ್ತು ಏಟು

ಕಣ ಮಾಡುವಾಗ ಎತ್ತಿಗೆ ಹಾಕುವ ಬಾಯಿಕುಕ್ಕೆ ಹಾಗೇ ನಾಯಿಗೂ ಜಾಲರಿ ಕುಕ್ಕೆ ಸಿಗುತ್ತದೆ. ವಾಕಿಂಗ್ ಹೊತ್ತಿಗೆ ಅರ್ಧ ಗಂಟೆ ಹಾಕಿದರೆ ಬೀದಿಯಲ್ಲಿ ಸಿಕ್ಕಿದ್ದು ತಿನ್ನುವುದು ತಪ್ಪುತ್ತದೆ. ಆದರೆ ಹಟದ ನಾಯಿ ಕುಕ್ಕೆಯನ್ನೇ ಮಲಕ್ಕೆ ಒತ್ತಿ ಮುಖವೆಲ್ಲ ಬಳಿದುಕೊಳ್ಳುತ್ತದೆ, ತೊಳೆಯುವ ಕೆಲಸ ನಮಗೆ. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯ ಕುಕ್ಕೆಯಂತೂ ಅಪಾಯ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ತೇಕುವುದರಿಂದ. ದಾವಣಗೆರೆ, ಚಿತ್ರದುರ್ಗದ ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಯಿ ಕಟ್ಟಿ ಹೊರಗೆ ಬಿಟ್ಟರೆ ಪ್ರಾಣಕ್ಕೇ ಕುತ್ತು.

ಏಟಿನ ವಿಷಯ. ಮೊದಲ ತಿಂಗಳು ನಾನು ರಾಣಿಗೆ ಬೈದಿದ್ದೇನೆ, ಒಮ್ಮೆ ಪೇಪರ್ ಸುತ್ತಿ ಹೊಡೆದೂ ಇದ್ದೇನೆ. ಅವಳು ಕಲಿತದ್ದು ಒಂದೇ: ನಾನು ಬರುವುದರೊಳಗೆ ಬೇಗ ನುಂಗಬೇಕು. ಆಮೇಲೆ ಕಾರಿನ ಹಿಂದೆ, ನೀರಿನ ಟ್ಯಾಂಕಿನ ಸಂದಿಯಲ್ಲಿ ಕದ್ದು ಕೂರತೊಡಗಿದಳು. ಮಲಕ್ಕೆ ಮೂತಿ ಒತ್ತಿ ‘ಬುದ್ಧಿ ಕಲಿಸುವ’ ಪದ್ಧತಿ ಇನ್ನೂ ಕೆಟ್ಟದ್ದು. ಓಡಿಹೋಗಿ ಕಿರುಚುವುದೂ ಬೇಡ, ಕೆಲವು ನಾಯಿಗೆ ಅದೇ ಆಟವಾಗಿಬಿಡುತ್ತದೆ.

ತಕ್ಷಣ ಎತ್ತುವುದು, ಜೊತೆಗೆ ‘ಬಿಡು’

ನಾನು ಸಮಯ ಕೊಡಿ ಅನ್ನುವುದು ಇದಕ್ಕೆ. ಮಲ ಅಲ್ಲಿ ಇಲ್ಲದಿದ್ದರೆ ನಾಯಿ ತಿನ್ನೋಕಾಗಲ್ಲ. ಮಾತು ಇಷ್ಟೇ. ಕಷ್ಟ ಇರುವುದು ಆ ನಾಲ್ಕೈದು ಸೆಕೆಂಡಿನಲ್ಲಿ: ನಾಯಿ ಎದ್ದು ತಿರುಗುವ ಹೊತ್ತು, ನೀವು ಮೊರ ಹಿಡಿದು ಬರುವ ಹೊತ್ತು. ಯಾರು ಮೊದಲು ಅನ್ನುವುದೇ ಪ್ರಶ್ನೆ.

‘ಬಿಡು’ ಅಂತ ಕಲಿಸಿದರೆ ಅಭ್ಯಾಸವೇ ಹೋಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಧ್ಯಯನದಲ್ಲಿ ಹಾಗೆ ಕಲಿಸಿ, ತಿಂಡಿ ಕೊಟ್ಟು ಪೂರ್ತಿ ಗೆದ್ದವರು ನೂರಕ್ಕೆ ನಾಲ್ಕು ಜನ. ಎಲ್ಲ ಉಪಾಯಗಳಲ್ಲಿ ಅದೇ ಹೆಚ್ಚು, ಆದರೂ ನಾಲ್ಕೇ. ನಾನು ‘ಬಿಡು’ ಕಲಿಸಿದ್ದು ರಾಣಿಯ ಆಸೆ ತೆಗೆಯೋಕಲ್ಲ, ಆ ಐದು ಸೆಕೆಂಡು ನನಗೆ ಸಿಗಲಿ ಅಂತ. ಹಾಗೆ ನೋಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನಾವು ಮಾಡಿದ್ದು ಹೀಗೆ. ಮುಚ್ಚಿದ ಮುಷ್ಟಿಯಲ್ಲಿ ರೊಟ್ಟಿ ಚೂರು ಇಟ್ಟು ಮೂಗಿನ ಮುಂದೆ ಹಿಡಿದೆ. ರಾಣಿ ಮೂಸಿದಳು, ನೆಕ್ಕಿದಳು, ಉಗುರು ಹಾಕಿ ಕೆರೆದಳು. ನಾನು ಕೈ ಅಲುಗಿಸಲಿಲ್ಲ. ಬೇಸತ್ತು ಮುಖ ಹಿಂದೆ ತೆಗೆದಳು. ಆ ಕ್ಷಣಕ್ಕೆ ‘ಬಿಡು’ ಅಂದು ಇನ್ನೊಂದು ಕೈಯಿಂದ ಮೊಟ್ಟೆಯ ತುಂಡು ಕೊಟ್ಟೆ. ಮುಷ್ಟಿಯಲ್ಲಿದ್ದ ರೊಟ್ಟಿಯನ್ನು ಯಾವತ್ತೂ ಕೊಡಲಿಲ್ಲ. ಬಿಟ್ಟದ್ದು ಸಿಗಲ್ಲ, ಬಿಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಅಂತ ಅವಳಿಗೆ ಗೊತ್ತಾಗಬೇಕು. ನಾಲ್ಕು ದಿನದ ಮೇಲೆ ರೊಟ್ಟಿಯನ್ನು ನೆಲಕ್ಕೆ ಹಾಕಿ ಕಾಲಲ್ಲಿ ಮುಚ್ಚಿ ಇದನ್ನೇ ಮಾಡಿದೆ. ಆಮೇಲೆ ಹಗ್ಗ ಹಿಡಿದು ರೊಟ್ಟಿಯ ಪಕ್ಕದಲ್ಲಿ ನಡೆಸಿದೆ. ಕೊನೆಗೆ ಹಿತ್ತಿಲಿಗೆ ಬಂದೆವು.

ತಿಂಡಿ ಯಾವುದು ಅನ್ನುವುದು ಮುಖ್ಯ. ದಾವಣಗೆರೆಯಲ್ಲಿ ಮಂಡಕ್ಕಿಗೇನು ಬರ? ಸಪ್ಪೆ ಮಂಡಕ್ಕಿ ಕೊಟ್ಟು ನೋಡಿದೆ, ಮನೆಯೊಳಗೆ ಸಾಕಾಗುತ್ತಿತ್ತು, ನುಗ್ಗೆ ಮರದ ಕೆಳಗೆ ಸಾಲಲಿಲ್ಲ. ಅಲ್ಲಿ ಪೈಪೋಟಿ ಜೋರು. ಬೇಯಿಸಿದ ಕೋಳಿ, ಮೊಟ್ಟೆಯೇ ಬೇಕಾಯಿತು. ಮಾಂಸ, ಮೊಟ್ಟೆ ತರದ ಮನೆಯಲ್ಲಿ ಪನೀರ್ ತುಂಡು ಆಗುತ್ತದೆ. ಹೆಸರುಕಾಳಿನಷ್ಟು ಚೂರು ಸಾಕು. ಅದನ್ನು ಈ ಒಂದು ಕೆಲಸಕ್ಕೇ ಮೀಸಲಿಡಿ.

ಇನ್ನು ಹೊತ್ತು. ಊಟವಾದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಹೆಚ್ಚಿನ ನಾಯಿಗಳು ಮಲ ಮಾಡುತ್ತವೆ. ಹೊಟ್ಟೆಗೆ ಊಟ ಬಿದ್ದರೆ ಕರುಳು ಚಲಿಸುತ್ತದೆ, ದೇಹದ ಕ್ರಮವೇ ಹಾಗೆ. ಎರಡು ಹೊತ್ತಿನ ಊಟ ಇಲ್ಲಿ ಕೈ ಹಿಡಿಯಿತು. ಏಳಕ್ಕೆ ಊಟ, ಏಳೂ ಇಪ್ಪತ್ತಕ್ಕೆ ಹಗ್ಗ ಹಾಕಿ ನುಗ್ಗೆ ಮರ. ರಾಣಿ ಏಳುತ್ತಿದ್ದಂತೆ ‘ಬಿಡು, ಬಾ’. ನನ್ನ ಕಡೆ ತಿರುಗಿದರೆ ಕೋಳಿ ಚೂರು. ಅವಳು ಅಗಿಯುವಷ್ಟರಲ್ಲಿ ಮೊರದಿಂದ ಎತ್ತಿ ಪೇಪರಿಗೆ. ಮೊದಲ ವಾರ ಹಗ್ಗ ಎಳೆದೇ ತಡೆಯಬೇಕಾಯಿತು. ಮೂರನೇ ವಾರ ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವಳು ತಿರುಗಿ ನನ್ನ ಜೇಬು ನೋಡಿದಳು. ಆವತ್ತು ಅವ್ವನನ್ನು ಕೂಗಿ ಕರೆದು ತೋರಿಸಿದೆ.

ನೀರು ಕಡಿಮೆ ಇರುವ ಮನೆಯವರು ಅಂಗಳವನ್ನು ಬಕೆಟ್‌ಗಟ್ಟಲೆ ತೊಳೆಯಬೇಕಿಲ್ಲ. ಮರಳೋ ಬೂದಿಯೋ ಉದುರಿಸಿ ಎತ್ತಿದರೆ ನೆಲಕ್ಕೆ ಅಂಟುವುದಿಲ್ಲ. ಎತ್ತಿದ್ದನ್ನು ತರಕಾರಿ ಗಿಡದ ಗೊಬ್ಬರದ ಗುಂಡಿಗೆ ಹಾಕಬೇಡಿ. ಮಣ್ಣಲ್ಲಿ ಬಿದ್ದ ಜಂತಿನ ಮೊಟ್ಟೆ ವಾರಗಳು ಕಳೆದಂತೆ ಬಲಿಯುತ್ತದೆ, ಅಲ್ಲಿ ಆಡುವ ಮಕ್ಕಳ ಕೈಗೂ ಹತ್ತುತ್ತದೆ. ದಿನಾ ಎತ್ತುವುದರಿಂದ ನಾಯಿಗಿಂತ ಮಕ್ಕಳಿಗೇ ಲಾಭ ಜಾಸ್ತಿ.

ಯಾರ ಮನೆಗೆ ಯಾವುದು

ಫ್ಲಾಟಿನಲ್ಲಿ, ಟೆರೇಸಿನ ಮೇಲೆ ಸಾಕುವವರಿಗೆ ಹಗ್ಗ ಮತ್ತು ಹೊತ್ತಿನ ಲೆಕ್ಕವೇ ಸಾಕು. ನಾಯಿ ನಿಮ್ಮ ಕಣ್ಣು ತಪ್ಪಿಸಿ ಹೋಗುವ ಜಾಗವೇ ಇಲ್ಲ.

ಎರಡು ನಾಯಿ ಇದ್ದರೆ ಒಟ್ಟಿಗೆ ಬಿಡಬೇಡಿ. ಒಂದರ ಮಲ ಇನ್ನೊಂದು ತಿನ್ನುವುದು ತನ್ನದು ತಾನು ತಿನ್ನುವುದಕ್ಕಿಂತ ಅಪಾಯ, ಒಂದರ ಜಂತು ಇನ್ನೊಂದಕ್ಕೆ, ವಾಂತಿ-ಭೇದಿ ತರುವ ಪಾರ್ವೋ ವೈರಸ್ ಇದ್ದರೆ ಅದೂ. ಬೀದಿ ನಾಯಿಗಳ ಮಲಕ್ಕೂ ಇದೇ ಮಾತು. ಅಂಥ ನಾಯಿಗೆ ಲಸಿಕೆ ತಪ್ಪಿಸಲೇಬಾರದು.

ಹಗಲೆಲ್ಲ ಸರಪಳಿ ಹಾಕಿ ಕಟ್ಟಿದ ನಾಯಿಗೆ ಯಾವ ಉಪಾಯವೂ ಹತ್ತುವುದಿಲ್ಲ. ಅದು ಕೂತಲ್ಲೇ ಮಾಡಬೇಕು, ಬೇಸರಕ್ಕೆ ಅದನ್ನೇ ತಿನ್ನಬೇಕು. ದಿನಕ್ಕೆ ಎರಡು ಸಲ ಬಿಚ್ಚಿ ಓಡಾಡಿಸಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ತೋಟ, ಹೊಲದ ಮನೆಯವರ ಕಥೆ ಬೇರೆ. ಚಳ್ಳಕೆರೆ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ನೆಲದ ತುಂಬ ಹಿಕ್ಕೆ. ನಾಯಿಗೆ ಅದು ಹಬ್ಬ. ಅದನ್ನೆಲ್ಲ ಎತ್ತೋಕಾಗಲ್ಲ, ‘ಬಿಡು’ ಒಂದೇ ದಾರಿ. ಹುಲ್ಲು ತಿನ್ನುವ ಪ್ರಾಣಿಗಳ ಹಿಕ್ಕೆ, ಸಗಣಿ ಸ್ವಲ್ಪ ತಿಂದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಇಲ್ಲ. ಆದರೆ ಕುರಿಗಳಿಗೆ ಐವರ್ಮೆಕ್ಟಿನ್ ಅನ್ನುವ ಜಂತಿನ ಔಷಧಿ ಕೊಟ್ಟ ದಿನಗಳಲ್ಲಿ ಹುಷಾರು. ಆ ಔಷಧಿ ಹಿಕ್ಕೆಯಲ್ಲೂ ಹೊರಬರುತ್ತದೆ. ಕೋಲಿ ಜಾತಿಯ ಎಷ್ಟೋ ನಾಯಿಗಳ ಮಿದುಳಿಗೆ ಅದು ವಿಷ. ಕುರಿಗಾರರನ್ನು ಒಂದು ಮಾತು ಕೇಳಿದರೆ ಹೇಳುತ್ತಾರೆ.

ವಯಸ್ಸಾದವರಷ್ಟೇ ಇರುವ ಮನೆಯಲ್ಲಿ ಬಗ್ಗಿ ಎತ್ತುವುದು ಕಷ್ಟ. ಅವರಿಗೆ ಉದ್ದ ಹಿಡಿಯ ಮೊರ, ಕಿಟಕಿಯಲ್ಲಿ ತಿಂಡಿ ಡಬ್ಬಿ, ನಾಯಿಗೆ ಒಂದೇ ಗೊತ್ತಾದ ಜಾಗ. ನಮ್ಮ ಅವ್ವ ಹೀಗೇ ಮಾಡುತ್ತಾಳೆ, ಮೊಣಕಾಲು ನೋವಿದ್ದರೂ.

ರಾಣಿಗೆ ಈಗ ನಾಲ್ಕು ವರ್ಷ. ಅವಳ ಆಸೆ ಹೋಗಿಲ್ಲ, ಯಾರೂ ನೋಡದಿದ್ದರೆ ಇವತ್ತೂ ತಿರುಗಿ ಮೂಸುತ್ತಾಳೆ. ಅದಕ್ಕೇ ಹೊಸದುರ್ಗಕ್ಕೆ ಮದುವೆಗೋ ಜಾತ್ರೆಗೋ ಎಲ್ಲರೂ ಹೋಗುವಾಗ ಪಕ್ಕದ ಮನೆಯವರ ಕೈಗೆ ಬೀಗದ ಕೈ ಜೊತೆ ಒಂದು ಚೀಟಿಯನ್ನೂ ಕೊಡುತ್ತೇನೆ. ‘ಊಟ ಏಳಕ್ಕೆ. ಏಳೂ ಇಪ್ಪತ್ತಕ್ಕೆ ಹಗ್ಗ ಹಾಕಿ ನುಗ್ಗೆ ಮರದ ಹತ್ತಿರ. ಎದ್ದ ಕೂಡಲೇ ಬಿಡು, ಬಾ ಅನ್ನಿ. ಪನೀರ್ ಫ್ರಿಜ್ಜಿನ ಬಾಗಿಲಲ್ಲಿದೆ. ಮೊರ ಬಾಗಿಲ ಹಿಂದೆ. ಒಂದು ವೇಳೆ ತಿಂದುಬಿಟ್ಟರೆ ದಯವಿಟ್ಟು ಬೈಬೇಡಿ, ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಮೂತಿ ಒರೆಸಿ.’